ಟೀ ಬಂತಾ ಅಂದ್ಲು

ನಮ್ಮ ಊರಿನಲ್ಲಿ ಕೋಳಿಗಳಿಗೆ ಮರ್ಯಾದೆ ಇಲ್ಲ. ಅವು ಕೂಗುವ ಮೊದಲೇ ಕೋಣೆಗಳು ಮಾತಾಡಿಬಿಟ್ಟಿರುತ್ತವೆ. ಬೆಳಕು ಹರಿಯುವ ಹೊತ್ತಿಗೆ ಊರಿನ ಪ್ರತಿ ಕೋಣೆಯೂ ತನ್ನೊಳಗೆ ಯಾರೋ ಮೊಟ್ಟಮೊದಲು ಆಡಿದ ಮಾತನ್ನು, ಅವರ ದನಿಯಲ್ಲೇ, ಒಂದು ಸಲ ಹೇಳಿ ಸುಮ್ಮನಾಗುತ್ತದೆ. ಗೋಡೆಗೂ ಕಿವಿ ಇದೆ ಎಂದು ಬೇರೆ ಊರಿನವರು ಹೆದರುತ್ತಾರಂತೆ. ನಮ್ಮ ಗೋಡೆಗಳಿಗೆ ಬಾಯಿಯೂ ಇದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಮ್ಮ ಶಾಲೆಯಲ್ಲಿ ಹೇಳಿಕೊಡುವಾಗ ಮಕ್ಕಳು ಮುತ್ತಿನ ಭಾಗವನ್ನು ಮಾತ್ರ ಒಪ್ಪುತ್ತಾರೆ.

ಹೀಗಿರುವುದರಿಂದ ಹೊಸ ಮನೆಯ ಸೂರು ಮುಚ್ಚಿದ ಮೇಲೆ ಅದರೊಳಗೆ ಯಾರೂ ತುಟಿ ಬಿಚ್ಚುವುದಿಲ್ಲ. ಗಾರೆ ಕೆಲಸದವರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸುಣ್ಣ ಬೇಕಾದರೆ ಕೆನ್ನೆ ತಟ್ಟಿ, ನೀರು ಬೇಕಾದರೆ ಗಂಟಲು ಮುಟ್ಟಿ ತೋರಿಸುತ್ತಾರೆ. ಎಲ್ಲ ಮುಗಿದ ಮೇಲೆ ಮನೆಯ ಗಂಡಸೊಬ್ಬ ತಲೆಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಒಬ್ಬನೇ ಒಳಗೆ ಹೋಗಿ, ಮನೆಮಂದಿ ಕೂತು ಗೊತ್ತು ಮಾಡಿದ ಮಾತನ್ನು ಹೇಳಿ ಬರುತ್ತಾನೆ. ಶುಭವಾಗಲಿ, ಸುಖವಾಗಿರಿ, ಇಂಥವು. ಎಷ್ಟು ಎಚ್ಚರಿಕೆಯಿದ್ದರೂ ನಾಲಿಗೆ ಎಲುಬಿಲ್ಲದ್ದು. ನಮ್ಮ ಅಂಚೆ ಕಚೇರಿ ದಿನವೂ "ಅಯ್ಯೋ ಬೆರಳು!" ಎಂದು ಕಿರುಚುತ್ತದೆ. ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡ ಪೋಸ್ಟ್‌ಮಾಸ್ಟರು ತೀರಿಹೋಗಿ ಎಷ್ಟೋ ಕಾಲವಾಯಿತು, ನೋವು ಮಾತ್ರ ಇನ್ನೂ ಹಸಿಯಾಗಿದೆ.

ನಮ್ಮ ಮನೆಯದೂ ಒಂದು ಕಥೆ. ನಮ್ಮ ಮಲಗುವ ಕೋಣೆಗೆ ಮೊದಲ ಮಾತಾಡಲು ಹೋದವರು ನನ್ನ ಗಂಡ ಪರಮಶಿವಯ್ಯ. "ಶಾಂತಿ ನೆಲೆಸಲಿ" ಎಂದು ಹೇಳಬೇಕಿತ್ತು. ಹೊಸ ಸುಣ್ಣದ ಘಾಟಿಗೆ ಸೀನಿಬಿಟ್ಟರು, ಅದೂ ಒಂಟಿ ಸೀನು. ಮದುವೆಯಾದಾಗಿನಿಂದ ನಾನು ದಿನಾ ಸೀನಿಗೆ ಏಳುತ್ತೇನೆ, ಎದ್ದು "ಚಿರಂಜೀವಿ" ಎನ್ನುತ್ತೇನೆ, ಅವರು ಪಕ್ಕದಲ್ಲಿ ನಿದ್ದೆಯ ನಟನೆ ಮಾಡುತ್ತಾರೆ. ಅಡುಗೆಮನೆಯದು ಇನ್ನೂ ಚೆಂದ. ನಮ್ಮ ಮಾವನವರಿಗೆ ಏನೇನೋ ಮಂಗಳದ ಮಾತು ಬಾಯಿಪಾಠ ಮಾಡಿಸಿದ್ದರಂತೆ. ಹೊಸ್ತಿಲು ದಾಟಿದ ಕೂಡಲೇ ಅಭ್ಯಾಸಬಲದಿಂದ "ಅಡುಗೆ ಆಯ್ತೇನೇ?" ಅಂದರಂತೆ. ಮಾವ ಈಗಿಲ್ಲ. ಅಡುಗೆಮನೆ ಮಾತ್ರ ಒಲೆ ಹಚ್ಚುವ ಮೊದಲೇ ನಮ್ಮತ್ತೆ ಸಿದ್ಧಗಂಗಮ್ಮನವರನ್ನು ದಿನವೂ ಹಾಗೆ ಕೇಳುತ್ತದೆ. ಅವರು ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ.

ಇಷ್ಟು ಗೊತ್ತಿದ್ದರೆ ನಮ್ಮ ಹಾಸ್ಟೆಲಿನ ಪಾಡು ನಿಮಗೆ ಅರ್ಥವಾದೀತು. ನಮ್ಮಲ್ಲೊಂದು ಕಾಲೇಜಿದೆ. ಸುತ್ತಲಿನ ಹಳ್ಳಿಗಳಿಂದ ಗಂಡುಹುಡುಗರು ಸೈಕಲ್ಲಿನಲ್ಲೋ ಬಸ್ಸಿನ ಏಣಿ ಹಿಡಿದೋ ಬಂದು ಓದುತ್ತಾರೆ. ಹೆಣ್ಣುಮಕ್ಕಳಿಗೆ ಉಳಿಯಲು ಜಾಗವಿಲ್ಲ. ನಾನೂ ಒಂದು ಕಾಲದಲ್ಲಿ ಹೀಗೆಯೇ ಓದು ಬಿಟ್ಟು ಮನೆಯಲ್ಲಿ ಕೂತವಳು. ನನಗೆ ದೊಡ್ಡ ಪಟ್ಟಣದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ತಂಗಲು ಒಂದು ಮಂಚ ಸಿಕ್ಕಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ವರ್ಷವೇ ಮದುವೆಯಾಗಿ ಈ ಊರಿಗೆ, ಸೀನುವ ಕೋಣೆಗೆ ಬಂದೆ. ಗಂಡ ಒಳ್ಳೆಯವರು, ದೂರಿಲ್ಲ. ಆದರೂ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯರನ್ನು ಕಂಡರೆ ಈಗಲೂ ನಾನು ಅವರು ತಿರುವು ದಾಟುವವರೆಗೆ ನೋಡುತ್ತ ನಿಲ್ಲುತ್ತೇನೆ. ಮಹಿಳಾ ಸಂಘದ ಅಧ್ಯಕ್ಷೆಯಾದ ದಿನದಿಂದ ನನ್ನದು ಒಂದೇ ಮಂತ್ರ, ಹಾಸ್ಟೆಲು. ಅತ್ತೆ ನನ್ನನ್ನು "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತಲೇ ಕರೆಯುವುದು.

ಮನೆ ಕಟ್ಟಿ ನೋಡು ಎನ್ನುತ್ತಾರೆ. ನಮ್ಮೂರಲ್ಲಿ ಕಟ್ಟಿ ನೋಡಿ ಎಂದು ನಾನು ಹೇಳುತ್ತೇನೆ. ಮೂಕಸನ್ನೆಯಲ್ಲಿ ನಡೆಯುವ ಕೆಲಸ ಆಮೆಗಿಂತ ನಿಧಾನ. ಹಾಸ್ಟೆಲಿಗೆ ಇಪ್ಪತ್ತನಾಲ್ಕು ಕೋಣೆ ಎಂದ ಕೂಡಲೇ ಇಪ್ಪತ್ತನಾಲ್ಕು ಮನೆತನಗಳು ಮೊದಲ ಮಾತಿನ ಹಕ್ಕು ತಮ್ಮದೆಂದು ಮೀಸೆ ತಿರುವಿದವು. ಇನ್ನೆರಡು ಮನೆತನಗಳು ಮೆಟ್ಟಿಲ ಕೆಳಗಿನ ಜಾಗವನ್ನೂ ಕೋಣೆಯೆಂದು ಎಣಿಸಬೇಕೆಂದು ಹಟ ಹಿಡಿದವು. ಪಾಯ ಹಾಕಿದ ಮೇಸ್ತ್ರಿ, ಹಾಸ್ಟೆಲು ಸಮಿತಿಯಲ್ಲೂ ಇದ್ದ ಚನ್ನವೀರಪ್ಪ ಜಗಳ ಮುಗಿಯಲಿ ಎಂದು ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತ ಎರಡು ಮಳೆಗಾಲ ಕಳೆದ.

ಅದೇ ಸಮಯಕ್ಕೆ ನಾನು ಒಂದು ಮದುವೆಗೆಂದು ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿ ಲಾರಿಯ ಮೇಲೆ ಒಂದು ಇಡೀ ಕೋಣೆ ಮೆರವಣಿಗೆ ಹೋಗುವುದನ್ನು ಕಂಡೆ. ಮರದ ಗೋಡೆ, ಮರದ ಸೂರು, ಕಿಟಕಿ, ಬಾಗಿಲು, ಸ್ವಿಚ್ಚು ಎಲ್ಲ ಕೂಡಿಸಿದ ಕೋಣೆ. ಕಾರ್ಖಾನೆಯಲ್ಲಿ ಮಾಡಿ, ತಂದು, ಕ್ರೇನಿನಲ್ಲಿ ಎತ್ತಿ, ಬೆಂಕಿಪೊಟ್ಟಣದ ಮೇಲೆ ಬೆಂಕಿಪೊಟ್ಟಣ ಇಟ್ಟ ಹಾಗೆ ಜೋಡಿಸಿ ಬೋಲ್ಟು ಬಿಗಿದರೆ ಮುಗಿಯಿತಂತೆ. ಮದುವೆಯ ಊಟವನ್ನೂ ಬಿಟ್ಟು ನಾನು ಆ ಲಾರಿಯ ಹಿಂದೆ ಹೋಗಿ ಕಾರ್ಖಾನೆಯ ವಿಳಾಸ ಬರೆಸಿಕೊಂಡು ಬಂದೆ.

ಪ್ರಿನ್ಸಿಪಾಲರು ಹಾಲಸ್ವಾಮಿಯವರು ಸಾಧು ಮನುಷ್ಯ. "ಮಾಡೇ ಬಿಡೋಣ ಅಮ್ಮ, ಮೊದಲ ಮಾತಿನ ಜಗಳ ಕೋಣೆ ಬಂದ್ಮೇಲೆ ನೋಡ್ಕೊಳ್ಳೋಣ" ಅಂದರು. ಚನ್ನವೀರಪ್ಪ ಮಾತ್ರ ಮೂಗು ಮುರಿದ. "ಅದೂ ಒಂದು ಗೋಡೇನಾ ವಿಶಾಲಾಕ್ಷಮ್ಮ? ಈ ಕಡೆ ಆಕಳಿಸಿದ್ರೆ ಆ ಕಡೆಯೋರಿಗೆ ನಿದ್ದೆ ಬರ್ತದೆ. ಕಲ್ಲು ಅಂದ್ರೆ ಕಲ್ಲು." ಆದರೂ ಕಲ್ಲಿನ ಮೇಲೆ ಕೂತು ಬೀಡಿ ಸೇದಿದ್ದು ಊರಿಗೆಲ್ಲ ಗೊತ್ತಿದ್ದರಿಂದ ಅವನ ಮಾತು ನಡೆಯಲಿಲ್ಲ. ಸಮಿತಿಯವರು ಕೂತು ಕಾರ್ಖಾನೆಗೆ ಏನೇನು ಬೇಕೆಂದು ಬರೆದೆವು. ಕಿಟಕಿ ಯಾವ ದಿಕ್ಕಿಗಿರಬೇಕು, ಬಟ್ಟೆಯ ಗೂಟ ಎಷ್ಟಿರಬೇಕು, ಕನ್ನಡಿ ಎಷ್ಟು ಎತ್ತರಕ್ಕಿರಬೇಕು, ಎಲ್ಲ. ಒಳಗೆ ಮಾತಾಡಬೇಡಿ ಎಂದು ಬರೆಯುವುದು ಮಾತ್ರ ಹೊರಗಿನಿಂದ ಬಂದ ನನಗೂ ಹೊಳೆಯಲಿಲ್ಲ. ಸೂರು ಮುಚ್ಚಿದ ಹೊಸ ಕೋಣೆಯೊಳಗೆ ಯಾವ ಮನುಷ್ಯ ತಾನೇ ಬಾಯಿ ತೆರೆದಾನು? ಅನ್ನ ಬೇಯಿಸುವಾಗ ಅಕ್ಕಿಯಲ್ಲಿರುವ ಕಲ್ಲನ್ನು ಆರಿಸಿ ಎಂದು ಯಾರಾದರೂ ಅಡುಗೆಯವರಿಗೆ ಬರೆದುಕೊಡುತ್ತಾರೆಯೇ?

ಕೋಣೆಗಳು ಬಂದವು. ನೀಲಿ ಪ್ಲಾಸ್ಟಿಕ್ಕು ಹೊದ್ದು, ಒಂದರ ಹಿಂದೆ ಒಂದು ಲಾರಿಯಲ್ಲಿ. ಊರಿಗೆ ಊರೇ ಕಾಲೇಜಿನ ಬಯಲಲ್ಲಿ ನೆರೆದಿತ್ತು. ಕಾರ್ಖಾನೆಯ ಕಡೆಯಿಂದ ಮುನೀರ್ ಎಂಬ ಫಿಟ್ಟರು ಬಂದಿದ್ದ, ನಗುಮುಖದ ಮನುಷ್ಯ, ಒಂದು ಕ್ಷಣವೂ ಬಾಯಿ ಮುಚ್ಚದವನು. ಅವನು ಕೋಣೆಯ ಹತ್ತಿರ ಹೋಗಿ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ನಮ್ಮವರು ನಾಲ್ಕು ಕಡೆಯಿಂದ ತುಟಿಗೆ ಬೆರಳಿಟ್ಟು "ಶ್!" ಎನ್ನುತ್ತಿದ್ದರು. ಇಷ್ಟೊಂದು ಮೌನ ನೋಡಿ ಅವನಿಗೆ ಊರಿನಲ್ಲಿ ಯಾರೋ ತೀರಿಕೊಂಡಿದ್ದಾರೆ ಎನಿಸಿತಂತೆ. ಪಾಪ, ಒಂದು ದಿನವೆಲ್ಲ ಮುಖ ಸಪ್ಪೆ ಮಾಡಿಕೊಂಡೇ ಬೋಲ್ಟು ಬಿಗಿದ. ಕೆಳಗೆ ಹನ್ನೆರಡು, ಮೇಲೆ ಹನ್ನೆರಡು ಕೋಣೆಗಳು ಸಂಜೆಯ ಬಿಸಿಲಿನಲ್ಲಿ ನೀಲಿಯಾಗಿ ಕೂತವು. ಹೊಸ ಮರದ ವಾಸನೆ ನಮ್ಮ ಬೀದಿಯವರೆಗೆ ಬಂತು. ಆ ರಾತ್ರಿ ನಾನು ನಗುತ್ತಲೇ ಮಲಗಿದೆನೆಂದು ನನ್ನ ಗಂಡ ಹೇಳುತ್ತಾರೆ.

ಮರುದಿನ ಬೆಳಕು ಹರಿಯುವಾಗ ಬಯಲಿನ ಪಕ್ಕದಲ್ಲಿ ಹಾಲು ಕೊಡಲು ಹೊರಟಿದ್ದವಳು ಕ್ಯಾನು ಬಿಟ್ಟು ಓಡಿಬಂದಳು. ಪ್ಲಾಸ್ಟಿಕ್ಕಿನೊಳಗಿಂದ ಗುಜುಗುಜು ಎಂದು ಇಪ್ಪತ್ತನಾಲ್ಕು ದನಿ!

ಮಧ್ಯಾಹ್ನದೊಳಗೆ ಊರ ಹಿರಿಯರೆಲ್ಲ ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿದರು. ಮುನೀರನನ್ನು ಕರೆದು ಕೇಳಿದರು, ಕಾರ್ಖಾನೆಯಲ್ಲಿ ಯಾರಾದರೂ ಕೋಣೆಯೊಳಗೆ ಮಾತಾಡುತ್ತಾರಾ ಎಂದು. ಅವನು ಕಣ್ಣರಳಿಸಿದ. "ಮಾತಾಡ್ದೆ ಕೆಲ್ಸ ಹೆಂಗೆ ಮಾಡ್ತಾರೆ ಸಾರ್? ಮಾತೂ ಇರುತ್ತೆ, ಹಾಡೂ ಇರುತ್ತೆ, ರೇಡಿಯೋನೂ ಇರುತ್ತೆ."

"ರೇಡಿಯೋ!" ಎಂದು ಚನ್ನವೀರಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. ಅದರೊಳಗೆ ಸ್ವಲ್ಪ ಖುಷಿಯೂ ಇತ್ತೆಂದು ನನ್ನ ಗುಮಾನಿ. ಅವನು ಎದ್ದು ನಿಂತು ಎಲ್ಲರ ಬಾಯಲ್ಲಿ ಇದ್ದದ್ದನ್ನು ಹೇಳಿಯೇಬಿಟ್ಟ. "ಕಾರ್ಖಾನೆ ಅಂದ್ರೆ ಗಂಡಸರು. ಹೆಣ್‌ಮಕ್ಳು ಮಲಗೋ ಕೋಣೇಲಿ, ಬೆಳಬೆಳಗ್ಗೆ, ಕಂಡು ಕೇಳರಿಯದ ಗಂಡಸರ ದನಿ. ಯಾವ ಅಪ್ಪ ಒಪ್ತಾನೆ? ನಾಳೆ ಊರಿನ ಹೆಸರು ಏನಾಗ್ಬೇಕು?"

ನನಗೆ ಸಿಟ್ಟು ನೆತ್ತಿಗೇರಿತು. "ಚನ್ನವೀರಣ್ಣ, ನಿಮ್ಮ ಮಗಳ ಕೋಣೇಲಿ ದಿನಾ ಯಾರ ದನಿ?"

"ನಮ್ಮಪ್ಪಂದು."

"ಗಂಡಸೋ ಹೆಂಗಸೋ?"

"ಅದು ಮನೆಯೋರ ದನಿ ಅಮ್ಮ. ಅದಕ್ಕೂ ಇದಕ್ಕೂ ಹೋಲಿಸ್ತೀರಾ?"

ಊರಿನ ಯಾವ ಗೋಡೆಯೂ ಇವತ್ತಿನವರೆಗೆ ಗಂಡಸಿನ ದನಿ ಬಿಟ್ಟು ಬೇರೆ ದನಿಯಲ್ಲಿ ಮಾತಾಡಿಲ್ಲ, ಆಗ ಯಾರ ಹೆಸರೂ ಕೆಟ್ಟಿಲ್ಲವಲ್ಲ ಎಂದು ನಾನು ಕೂಗಾಡಿದೆ. ಹಿರಿಯರು ಗೋಡೆಯ ಕ್ಯಾಲೆಂಡರು ನೋಡಿದರು. ಹಾಲಸ್ವಾಮಿಯವರು ಟೀ ತರಿಸಿದರು. ಕೊನೆಗೆ ತೀರ್ಮಾನವಾದದ್ದು ಇಷ್ಟು. ಪ್ಲಾಸ್ಟಿಕ್ಕು ತೆಗೆಸಿ ನಾಳೆ ಬೆಳಗ್ಗೆ ಪ್ರತಿ ಕೋಣೆಯನ್ನೂ ಕೇಳಿಸಿಕೊಳ್ಳಬೇಕು. ಒಂದೇ ಒಂದು ಕೋಣೆಯಲ್ಲಿ ಗಂಡಸಿನ ದನಿ ಬಂದರೂ ಅಷ್ಟೂ ಕೋಣೆಗಳು ವಾಪಸು. ಹುಡುಗಿಯರಿಗೆ ಈ ವರ್ಷ ಬರಬೇಡಿ ಎಂದು ಹೇಳಿ ಕಳಿಸಬೇಕು.

ಸೋಮವಾರ ಕಾಲೇಜು ಶುರುವಾಗುವುದಿತ್ತು. ಈ ವರ್ಷ ಬರಬೇಡಿ ಎಂದರೆ ಏನರ್ಥವೆಂದು ಆ ಕೋಣೆಯಲ್ಲಿದ್ದವರಲ್ಲಿ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಹುಡುಗರಿಗೆ ಮುಂದಿನ ವರ್ಷ ಎಂಬುದೊಂದು ಇರುತ್ತದೆ. ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತಳೆಂದರೆ ಮುಂದಿನ ವರ್ಷ ಅವಳ ಕೈಯಲ್ಲಿ ಮದುವೆಯ ಕಾಗದ ಇರುತ್ತದೆ.

"ನಾನೇ ಹೋಗಿ ಕೇಳ್ತೀನಿ" ಎಂದು ಚನ್ನವೀರಪ್ಪ ಹೊರಟ.

"ಹೆಣ್ಣುಮಕ್ಕಳ ಹಾಸ್ಟೆಲಿನ ಹೊಸ್ತಿಲು ಯಾವ ಗಂಡಸೂ ದಾಟಕೂಡದು ಅಂತ ನಿಯಮ ಮಾಡಿದ್ದು ಯಾರು?" ಎಂದೆ.

ನಿಯಮ ಮಾಡಿದವನು ಅವನೇ. ಒಂದು ಗಳಿಗೆ ಗಲ್ಲ ಕೆರೆದುಕೊಂಡ. "ಸರಿ, ಹೆಂಗಸರೇ ಹೋಗಿ. ಆದ್ರೆ ನಿಮ್ಮ ಸಂಘದೋರೆಲ್ಲ ನಿಮ್ಮ ಕಡೆಯೋರು. ಅವ್ರ ಜೊತೆ ನಿಮ್ಮತ್ತೇನೂ ಒಂದು ಕೋಣೇಲಿ ಇರ್ಲಿ. ಸಿದ್ಧಗಂಗಮ್ಮೋರು ಅಂದಿದ್ದಕ್ಕೆ ನಾನು ಎದುರಾಡಲ್ಲ."

ಅವನ ಲೆಕ್ಕ ಸರಿಯಾಗಿತ್ತು. ನಮ್ಮತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ. ಅವರ ಸ್ವಂತ ಅಣ್ಣನ ಮಗನಿಗೆ ಹೆಣ್ಣು ನೋಡಲು ಹೋದಾಗ, ಹೆಣ್ಣಿನ ತಾಯಿ ಉಪಚಾರಕ್ಕೆ "ಹುಡುಗ ಹೇಗೆ?" ಎಂದು ಕೇಳಿದರೆ, ಚಕ್ಕುಲಿ ಮುರಿಯುತ್ತ "ಸೋಮಾರಿ" ಅಂದವರು ಅವರು. ಆ ಅಣ್ಣ ಸಾಯುವವರೆಗೂ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ಮೇಲಾಗಿ ಅತ್ತೆಗೆ ಈ ಹಾಸ್ಟೆಲು ಕಂಡರೆ ಆಗುವುದಿಲ್ಲ. "ಮನೆ ಮಠ ಇಲ್ವಾ ಹೆಣ್‌ಮಕ್ಳಿಗೆ? ಪೆಟ್ಟಿಗೇಲಿ ಮಲಗಿಸ್ತಾರಂತೆ ಪೆಟ್ಟಿಗೇಲಿ" ಎನ್ನುವುದು ಅವರ ಕೊನೆಯ ಮಾತಾಗಿತ್ತು. ಸಂಜೆ ನಾನು ವಿಷಯ ತಿಳಿಸಿದಾಗ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಹೇಳಿದರು. "ಬರ್ತೀನಿ. ಆದ್ರೆ ಕೇಳಿದ್ದನ್ನ ಕೇಳಿದ ಹಂಗೇ ಹೇಳ್ತೀನಿ. ಸೊಸೆ ಅಂತ ನೋಡಲ್ಲ." ನನಗೆ ಊಟ ಸೇರಲಿಲ್ಲ.

ಬೆಳಕಿಗೆ ಮುಂಚೆಯೇ ಇಪ್ಪತ್ತನಾಲ್ಕು ಹೆಂಗಸರು ಬಯಲಿನಲ್ಲಿ ಕೂಡಿದೆವು. ಶಾಲು ಹೊದ್ದವರು, ಕಣ್ಣುಜ್ಜುವವರು, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದವರು. ಬಂದ ಬಂದ ಹಾಗೆ ಒಬ್ಬೊಬ್ಬರು ಒಂದೊಂದು ಕೋಣೆ ಹೊಕ್ಕರು. ಮಂಡಿನೋವಿನ ಅತ್ತೆಯನ್ನು ಕೆಳಗಿನ ಮೂರನೆಯ ಕೋಣೆಗೆ ಕೈಹಿಡಿದು ಹತ್ತಿಸಿ ನಾನು ನಾಲ್ಕನೆಯದಕ್ಕೆ ಹೋದೆ. ಗಂಡಸರು ಹೊರಗೆ ಬೇಲಿಯಾಚೆ ನಿಂತಿದ್ದರು. ಒಳಗೆ ಕತ್ತಲು, ಮರದ ಸಿಹಿ ವಾಸನೆ. ಗೋಡೆಗೆ ಅಂಗೈ ಊರಿ ನಿಂತು ನಾನು ಯಾವ ದೇವರಿಗೆ ಏನು ಬೇಡಿಕೊಂಡೆನೋ ನನಗೇ ನೆನಪಿಲ್ಲ.

ಕಿಟಕಿ ಬೆಳ್ಳಗಾಯಿತು. ಆಗ ನನ್ನ ಕಿವಿಯ ಪಕ್ಕದಲ್ಲೇ, ಯಾರೋ ಸೊಂಟ ನೆಟ್ಟಗೆ ಮಾಡಿಕೊಂಡು ಉಸಿರುಬಿಟ್ಟು ಹೇಳಿದ ಹಾಗೆ, ಕೋಣೆ ಹೇಳಿತು.

"ನನಗೆ ಹಸಿವಾಗ್ತಿದೆ ಕಣೇ."

ಹೆಂಗಸಿನ ದನಿ. ಗಟ್ಟಿಯಾದ, ಅಂಜಿಕೆಯಿಲ್ಲದ, ಸ್ವಲ್ಪ ಒಡಕು ದನಿ. ನಾನು ತುಟಿ ಕಚ್ಚಿ ನಿಂತೆ. ನಮ್ಮೂರಿನ ಗೋಡೆಯೊಂದು ಹೆಂಗಸಿನ ದನಿಯಲ್ಲಿ ಮಾತಾಡಿದ್ದನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮೊದಲ ಸಲ ಕೇಳುತ್ತಿದ್ದೆ. ಸುತ್ತಲೂ, ಮೇಲೂ, ಮರದ ಹಲಗೆಗಳಾಚೆ ಎಲ್ಲ ಕೋಣೆಗಳೂ ಒಟ್ಟಿಗೆ ಮಾತಾಡಿ ನಿಂತದ್ದು ಒಂದು ಗದ್ದಲವಾಗಿ ಕೇಳಿತು, ಯಾವುದು ಯಾವುದೆಂದು ತಿಳಿಯಲಿಲ್ಲ.

ಹೊರಗೆ ಬಂದರೆ ದರ್ಜಿ ಅಂಗಡಿಯ ಲೋಕವ್ವ ಆಗಲೇ ಮೆಟ್ಟಿಲಿಳಿದು ಬೇಲಿಯ ಹತ್ತಿರ ನಿಂತಿದ್ದಳು. ಚನ್ನವೀರಪ್ಪ ಕೇಳಿದ. "ಏನಂತು ಗೋಡೆ?"

"ಅಬ್ಬಾ, ಒಂದು ನಿಮಿಷ ಕೂತ್ಕೊಳ್ತೀನಿ, ಅಂದ್ಲು."

"ಏನು? ಅಂದ್ಲು ಅಂದ್ಯಾ?"

"ಹೂಂ, ಅಂದ್ಲು."

ಬೇಲಿಯಾಚೆ ಗಂಡಸರ ಸಾಲು ಒಂದು ಸಲ ಕದಲಿತು. ಆಮೇಲೆ ಒಬ್ಬೊಬ್ಬರೇ ಬಂದರು. "ಈ ಕಿಟಕೀಲಿ ಗಾಳಿ ಚೆನ್ನಾಗಿ ಬರುತ್ತೆ, ಅಂದ್ಲು." "ನನ್ನ ಬಳೆ ಎಲ್ಲಿ ಬಿತ್ತು, ಅಂದ್ಲು." "ನಾಳೆ ನಾನು ಬರಲ್ಲ, ಅಂದ್ಲು." ಒಬ್ಬಳ ಕೋಣೆಯಲ್ಲಿ ಮಾತೇ ಇಲ್ಲ, ಯಾರೋ ಹುಡುಗಿ ಬಿದ್ದು ಬಿದ್ದು ನಕ್ಕಳಂತೆ, ಹೇಳುತ್ತ ಹೇಳುತ್ತ ಇವಳಿಗೂ ನಗು ತಡೆಯಲಿಲ್ಲ. ಇನ್ನೊಬ್ಬಳಿಗೆ ಭಾಷೆ ತಿಳಿಯಲಿಲ್ಲ, ಯಾವ ಸೀಮೆಯದೋ, ಆದರೆ ಮಗು ಮಲಗಿಸುವ ಹಾಡೇ ಸರಿ, ನನ್ನ ಕಂಕುಳಲ್ಲಿದ್ದ ಕೂಸು ನಿದ್ದೆಹೋಯಿತು ನೋಡಿ ಎಂದು ಸಾಕ್ಷಿ ತೋರಿಸಿದಳು. ಮೇಲಿನ ಮೂಲೆಯ ಕೋಣೆಯಲ್ಲಿ ರೇಡಿಯೋ. "ವಾರ್ತೆಗಳು, ಓದುತ್ತಿರುವವರು, ಅಂತ ಹೇಳಿ ನಿಂತುಬಿಟ್ಲು. ಹೆಸರು ಹೇಳಲಿಲ್ಲ, ಆದ್ರೆ ಹೆಂಗಸೇ." ಒಬ್ಬಳು ಮಾತ್ರ ಕಿವಿಯವರೆಗೂ ಕೆಂಪಾಗಿ ಬಂದು ಬಾಯಿ ಬಿಡಲೊಲ್ಲಳು. ಅದು ಬೈಗುಳವಂತೆ, ಗಂಡಸರೆದುರು ಹೇಳುವಂಥದ್ದಲ್ಲವಂತೆ. "ಹೆಂಗಸಿನ ದನಿಯೋ?" ಎಂದರೆ, "ಹೆಂಗಸಿನ ದನೀನೇ, ಅದಕ್ಕೇ ಇನ್ನೂ ನಾಚಿಕೆ!" ಅಂದಳು.

ಚನ್ನವೀರಪ್ಪ ಮುನೀರನ ಕಡೆ ತಿರುಗಿದ. "ಏನಯ್ಯಾ ಇದು?"

"ಒಳಗಿನ ಕೆಲ್ಸ ಹೆಂಗಸರದ್ದಲ್ವಾ ಸಾರ್. ಗಂಡಸರು ಹೊರಗಿಂದ ಚೌಕಟ್ಟು ನಿಲ್ಲಿಸಿ, ಸೂರು ಕೂರಿಸಿ ಮುಂದಿನದಕ್ಕೆ ಹೋಗ್ತಾರೆ. ಉಜ್ಜೋದು, ಪಾಲಿಶು, ಗೂಟ ಹೊಡಿಯೋದು, ಎಲ್ಲಾ ಹೆಂಗಸರೇ."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಮಾತಾಡ್ತಾರಾ ಅಂತ ಮಾತ್ರ ಕೇಳಿದ್ರಿ, ಯಾರು ಅಂತ ಕೇಳ್ಲಿಲ್ಲ. ನಾನಾಗಿ ಬಾಯಿ ತೆಗೆದ್ರೆ ಶ್ ಅಂತಿದ್ರಲ್ಲ ಸಾರ್ ಎಲ್ರೂ!"

ನಾನು ನನ್ನದನ್ನೂ ಹೇಳಿದೆ. ಹಸಿವಾಗ್ತಿದೆ ಎಂಬುದಕ್ಕೆ ಎಲ್ಲರೂ ನಕ್ಕರು. ನಗುವ ಹೊತ್ತಿನಲ್ಲೇ ಇನ್ನೂ ಒಬ್ಬರು ಬಂದಿಲ್ಲವೆಂಬುದು ನೆನಪಾಗಿ ನಾನು ಹಿಂದಿರುಗಿ ನೋಡಿದೆ. ಅತ್ತೆ ಮೂರನೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಂದು ಕೈ ಬಾಗಿಲ ಮೇಲೆ, ಸೆರಗು ತಲೆಯ ಮೇಲೆ. ನಾನು ಹೋಗಿ ಇಳಿಸಬೇಕೆಂದು ಹೆಜ್ಜೆಯಿಟ್ಟರೆ ಬೇಡವೆಂದು ಕೈ ಅಲ್ಲಾಡಿಸಿ ತಾವೇ ಒಂದೊಂದೇ ಕಾಲು ಊರಿ ಇಳಿದು ಬೇಲಿಯ ಹತ್ತಿರ ಬಂದರು.

ಚನ್ನವೀರಪ್ಪ ಕೈಮುಗಿದ. "ಹೇಳಿ ಅಮ್ಮ. ಮೂರನೇ ಗೋಡೆ ಏನಂತು?"

ಅತ್ತೆ ಅವನನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ಟೀ ಬಂತಾ" ಎಂದು ಹೇಳಿ ಉಗುಳು ನುಂಗಿ ನಿಲ್ಲಿಸಿದರು. ಬೇಲಿಯಾಚೆಯವರೆಲ್ಲ ಕತ್ತು ಮುಂದೆ ಚಾಚಿದರು. "ಅಂದ್ಲು."

ಹಾಲಸ್ವಾಮಿಯವರು ಚಪ್ಪಾಳೆ ತಟ್ಟಿಬಿಟ್ಟರು. ಚನ್ನವೀರಪ್ಪ ಕೆಟ್ಟ ಮನುಷ್ಯನಲ್ಲ, ಆಡಿದ ಮಾತಿಗೆ ನಿಲ್ಲುವವನು. ತಲೆಯ ಟವೆಲು ತೆಗೆದು ಕೊಡವಿ, "ಅಂದ್ಲು ಅಂದ್ಮೇಲೆ ಮುಗೀತು" ಎಂದು, ತನ್ನ ಆಳುಗಳಿಗೆ ಅಂಗಳಕ್ಕೆ ಕಲ್ಲುಹಾಸು ಹಾಕಲು ಅಲ್ಲೇ ಹೇಳಿದ. ಹೆಂಗಸರು ಮಾತ್ರ ಮನೆಗೆ ಹೊರಡಲಿಲ್ಲ. ತಮ್ಮ ತಮ್ಮ ಕೋಣೆಯ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ದನಿ ಅನುಕರಿಸುತ್ತ, ಬಿಸಿಲೇರುವವರೆಗೂ ಬಯಲಿನಲ್ಲೇ ಇದ್ದರು. ಅವತ್ತು ಊರಿನಲ್ಲಿ ಅನೇಕರ ಮನೆಯಲ್ಲಿ ತಿಂಡಿ ತಡವಾಯಿತು.

ಸೋಮವಾರ ಹುಡುಗಿಯರು ಬಂದರು. ಟ್ರಂಕು, ಚಾಪೆ, ಉಪ್ಪಿನಕಾಯಿ ಭರಣಿ, ಹೆದರಿದ ಅಪ್ಪಂದಿರು. ಸಮಿತಿಯವರು ನನ್ನನ್ನೇ ವಾರ್ಡನ್ ಮಾಡಿದ್ದರಿಂದ ಕೋಣೆ ಹಂಚುವುದು ನನ್ನ ಕೆಲಸ. ಪ್ರತಿಯೊಬ್ಬಳಿಗೂ ಕೋಣೆಯ ಮಾತನ್ನು ಹೇಳಿ, ಆಗುತ್ತದೋ ಎಂದು ಕೇಳಿದೆ. ನಗುವ ಕೋಣೆಗೆ ಜಗಳವೇ ಆಗಿ ಚೀಟಿ ಎತ್ತಬೇಕಾಯಿತು. ರೇಡಿಯೋ ಕೋಣೆ ತೆಗೆದುಕೊಂಡವಳು "ಓದುತ್ತಿರುವವರು" ಎಂದಮೇಲೆ ದಿನವೂ ತನ್ನ ಹೆಸರು ತಾನೇ ಸೇರಿಸಿಕೊಳ್ಳುವುದೆಂದು ಮೊದಲ ದಿನವೇ ತೀರ್ಮಾನಿಸಿದಳು. ಬೈಗುಳದ ಕೋಣೆಯನ್ನು ಯಾರಿಗೆ ಕೊಡಲೆಂದು ನಾನು ಚಿಂತೆಯಲ್ಲಿದ್ದಾಗ ತಲೆಯೆತ್ತಿ ಮಾತಾಡಲೂ ಅಂಜುವ ಭ್ರಮರಾಂಬೆ ಎಂಬ ಹುಡುಗಿ ಮುಂದೆ ಬಂದಳು. "ಅದು ನನಗಿರ್ಲಿ ಮೇಡಂ. ಮನೇಲಿ ಎಲ್ರೂ ನನಗೇ ಬೈಯೋದು. ಇಲ್ಲಿ ಗೋಡೆ ಬೈದ್ರೆ ನನಗಲ್ಲ ಅಂತ ಗೊತ್ತಿರುತ್ತೆ." ಹಸಿವಿನ ಕೋಣೆ ತುಂಬು ಕುಟುಂಬದಿಂದ ಬಂದ ಒಬ್ಬಳಿಗೆ ಸಿಕ್ಕಿತು. ಉಳಿದದ್ದು ಮೂರನೆಯ ಕೋಣೆ. ವಾರ್ಡನ್ನಿಗೂ ಒಂದು ಕೋಣೆ ಬೇಕಲ್ಲ, ಟೀಯ ವಿಷಯ ತಾನೇ ಎಂದು ಅದನ್ನು ನಾನಿಟ್ಟುಕೊಂಡೆ.

ಮೊದಲ ವಾರ ನಾನು ಅಲ್ಲೇ ಮಲಗಬೇಕೆಂದು ತೀರ್ಮಾನವಾಗಿತ್ತು. ಮಂಗಳವಾರ ಬೆಳ್ಳಗಾಗುವಾಗ ಅರೆನಿದ್ದೆಯಲ್ಲಿ ಸೀನಿಗೆ ಕಾಯುತ್ತಿದ್ದೆ. ಸೀನು ಬರಲಿಲ್ಲ. ಅದರ ಬದಲು ತಲೆಯ ಮೇಲಿನಿಂದ, ಬೀಡಿ ಸೇದಿ ಸೇದಿ ದಪ್ಪವಾದ ಗಂಟಲಿನಲ್ಲಿ, ಒಬ್ಬ ಗಂಡಸು ಕೇಳಿದ.

"ಲೇ, ಟೀ ಬಂತೇನ್ರೋ?"

ನಾನು ಹೊದಿಕೆ ಎಳೆದುಕೊಂಡು ಎದ್ದು ಕೂತೆ. ಕೋಣೆಯಲ್ಲಿ ಯಾರೂ ಇಲ್ಲ. ಅಂಗಳದಲ್ಲಿ ಹುಡುಗಿಯರು ಆಗಲೇ ಹಲ್ಲುಜ್ಜುತ್ತ ತಮ್ಮ ಗೋಡೆಗಳನ್ನು ಅಣಕಿಸುತ್ತಿದ್ದರು, ಭ್ರಮರಾಂಬೆ ಯಾರಿಗೋ ಗಟ್ಟಿಯಾಗಿ ಏನೋ ಹೇಳಿ ನಗುತ್ತಿದ್ದಳು. ಇದೆಲ್ಲ ಒಂದು "ಲು" ಮೇಲೆ ನಿಂತಿದೆಯೆಂದು ನನಗೆ ಆಗ ಅರ್ಥವಾಯಿತು. ಅತ್ತೆ ಆ "ಲು" ಹೇಳುವ ಮೊದಲು ಉಗುಳು ನುಂಗಿದ್ದು ಕಣ್ಣಿಗೆ ಕಟ್ಟಿತು.

ಹುಡುಗಿಯರೆಲ್ಲ ತರಗತಿಗೆ ಹೋದ ಮೇಲೆ ಮನೆಗೆ ಹೋದೆ. ನನ್ನ ಗಂಡ ಜಗಲಿಯ ಮೇಲೆ ಪೇಪರು ಹರಡಿಕೊಂಡು ಕೂತಿದ್ದರು. ಅತ್ತೆ ಒಳಗೆ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಡ್ಡಿ ತೆಗೆದುಕೊಂಡೆ.

"ಅತ್ತೆ, ಮೂರನೇ ಕೋಣೇಲಿ ಮಾತಾಡೋದು ಗಂಡಸು."

"ನನಗೆ ವಯಸ್ಸಾಯ್ತು ಕಣೆ. ಕಿವಿ ಮಂದ."

ಎರಡು ಮನೆಯಾಚೆ ಹಾಲುಕ್ಕಿದರೆ ಇಲ್ಲಿಂದ ಕೂಗಿ ಹೇಳುವ ಕಿವಿ ಅದು. ನಾನು ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡೆ. ಆಮೇಲೆ ಅವರೇ ಶುರು ಮಾಡಿದರು.

"ಅವನೂ ಅಂದ. ಇಲ್ಲ ಅನ್ನಲ್ಲ. ಆದ್ರೆ ಅವನು ಬಾಯಿ ಮುಚ್ಚೋದ್ರೊಳಗೆ ನೀನಿದ್ದ ಕಡೆ ಗೋಡೆಯಿಂದ ಅವಳು ಅಂದ್ಲು, ಹಸಿವಾಗ್ತಿದೆ ಅಂತ. ಕಿವಿ ಪಕ್ಕದಲ್ಲೇ ಅಂದ ಹಂಗೆ ಕೇಳಿಸ್ತು. ಹಲಗೆ ಗೋಡೆ ನೋಡು." ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಸುಮ್ಮನೆ ತಿರುಗಿಸಿದರು. "ನಾನು ಈ ಮನೆಗೆ ಬಂದಾಗ ಇನ್ನೂ ಚಿಕ್ಕೋಳು. ಎಲ್ರ ಊಟ ಆದ್ಮೇಲೆ ನಮ್ದು. ಆಗ್ತಿತ್ತು ಹಸಿವು, ಆಗ್ದೆ ಏನು, ಕಣ್ಣು ಕತ್ತಲೆ ಬರೋ ಹಂಗೆ ಆಗ್ತಿತ್ತು. ಒಂದು ದಿನ ಬಾಯಿಬಿಟ್ಟು ಅಂದಿಲ್ಲ ಕಣೆ ವಿಶಾಲು. ಅನ್ನಬಹುದು ಅಂತಾನೇ ತಿಳೀಲಿಲ್ಲ. ಅವಳು ನೋಡು, ಯಾರೋ ಎಲ್ಲಿಯೋಳೋ, ಹೊಸ ಕೋಣೇಲಿ ಮೊದಲ್ನೇ ಮಾತೇ ಅದು ಅಂದಿದ್ದಾಳೆ. ದಿನಾ ಬೆಳಗ್ಗೆ ಅಂತಾಳೆ ಇನ್ಮೇಲೆ. ಅವಳನ್ನ ವಾಪಸ್ ಲಾರಿ ಹತ್ತಿಸೋಕೆ ನನಗೆ ಮನಸ್ಸಾಗ್ಲಿಲ್ಲ."

ಅವರ ಕೈಯ ಮೇಲೆ ಕೈಯಿಟ್ಟೆ. ಅಂಥದ್ದೆಲ್ಲ ಅವರಿಗೆ ಸೇರದು, ಸೊಪ್ಪಿನ ನೆಪದಲ್ಲಿ ಕೈ ಬಿಡಿಸಿಕೊಂಡರು.

"ಊಟ ಆಯ್ತಾ ಅತ್ತೆ?" ಎಂದೆ.

ಅವರು ಜಗಲಿಯ ಕಡೆ ನೋಡಿದರು. ಅವರ ಮಗ ಪೇಪರಿನ ಎರಡನೆಯ ಪುಟದಲ್ಲಿದ್ದರು, ಎಂದಿನಂತೆ ಇನ್ನೂ ಊಟಕ್ಕೆ ಎದ್ದಿರಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, ಸೊಂಟ ನೆಟ್ಟಗೆ ಮಾಡಿ ಕೂತು, ಬೀದಿಗೂ ಕೇಳುವ ಹಾಗೆ ಹೇಳಿದರು.

"ಇಲ್ಲ. ನನಗೆ ಹಸಿವಾಗ್ತಿದೆ ಕಣೇ."

ಪೇಪರಿನ ಮೇಲಿನಿಂದ ನನ್ನ ಗಂಡನ ಕನ್ನಡಕ ಎದ್ದಿತು. ನಾನು ತಟ್ಟೆ ಹಾಕಿದೆ. ಅವತ್ತು ಅತ್ತೆ ಮಗನಿಗಿಂತ ಮೊದಲು ಉಂಡರು.